ಆಟಿಕೆ ಅಗ್ನಿಶಾಮಕ ವಾಹನದ ಹೋಸ್, ಕಪ್ಲಿಂಗ್, ಬಿ.ಎ. ಸೆಟ್‌ಗಳನ್ನು ನಿಜದವುಗಳಿಗೆ ಹತ್ತಿರ ತರುವುದು ಹೇಗೆ?

ಶಿವಮೊಗ್ಗದ ತಂದೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನನ್ನ ಮಗನಿಗೆ ಆರು ವರ್ಷ. ಏಪ್ರಿಲ್ 14ರಂದು ಆರಂಭವಾಗುವ ಅಗ್ನಿಶಾಮಕ ಸೇವಾ ಸಪ್ತಾಹದಲ್ಲಿ ನಮ್ಮೂರಿನ ಠಾಣೆಯವರು ನಡೆಸಿದ ಪ್ರದರ್ಶನಕ್ಕೆ ಅವನನ್ನು ಕರೆದುಕೊಂಡು ಹೋಗಿದ್ದೆ. ಸಿಬ್ಬಂದಿಯೊಬ್ಬರು ಸುರುಳಿಯಾಗಿದ್ದ ಹೋಸನ್ನು ನೆಲದ ಮೇಲೆ ಉರುಳಿಸಿದಾಗ ಅದು ಕ್ಷಣಮಾತ್ರದಲ್ಲಿ ಬಿಚ್ಚಿಕೊಂಡದ್ದನ್ನೂ, ಎರಡು ತುದಿಗಳ ಕಪ್ಲಿಂಗ್‌ಗಳು (ಜೋಡಣೆಯ ಭಾಗಗಳು) ಟಕ್ ಎಂದು ಕೂಡಿಕೊಂಡದ್ದನ್ನೂ ಕಂಡು ಬಂದ ಮೇಲೆ, ಮನೆಯಲ್ಲಿರುವ 1:16 ಪ್ರಮಾಣದ ಆಟಿಕೆ ವಾಹನ ಅವನಿಗೆ ಸಾಲದಾಗಿದೆ. ಅದರ ಹೋಸ್ ಒಂದು ಗಟ್ಟಿ ರಬ್ಬರ್ ನಳಿಗೆ. ಅದನ್ನು ಸುತ್ತಲೂ ಆಗದು, ಜೋಡಿಸಲೂ ಆಗದು. ‘ಅಪ್ಪಾ, ಇದು ಸುಳ್ಳು ಪೈಪು’ ಎಂದು ಪಕ್ಕಕ್ಕಿಟ್ಟುಬಿಟ್ಟಿದ್ದಾನೆ.

ಹೊಸದನ್ನು ಕೊಳ್ಳುವ ಬದಲು ಇರುವುದನ್ನೇ ತಿದ್ದಬೇಕೆಂದಿದ್ದೇನೆ. ಹೋಸಿನ ತುದಿಗಳಿಗೆ ಚಿಕ್ಕ ಬಲವಾದ ಅಯಸ್ಕಾಂತಗಳನ್ನು ಅಂಟಿಸಿದರೆ ಅವು ತಾವಾಗಿಯೇ ಕೂಡಿಕೊಳ್ಳುತ್ತವೆ ಎಂಬ ಯೋಚನೆಯಿದೆ. ಬಿ.ಎ. ಸೆಟ್, ಅಂದರೆ ಉಸಿರಾಟದ ಸಿಲಿಂಡರ್ ಮತ್ತು ಮುಖವಾಡವೂ ಬೇಕೆಂದು ಹಟ ಹಿಡಿದಿದ್ದಾನೆ. ವಾಹನದ ಪಕ್ಕದಲ್ಲಿ 911 ಎಂದು ಅಚ್ಚಾಗಿದೆ. ಅದನ್ನು ಏನು ಮಾಡಲಿ? ಮನೆಯಲ್ಲಿ ಎರಡು ವರ್ಷದ ಮಗಳೂ ಇದ್ದಾಳೆ. ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಮೈಸೂರಿನ ಮಾದರಿ ಹವ್ಯಾಸಿ

ಸರ್, ಮೊದಲು ಅಳತೆಯ ಲೆಕ್ಕ ಮಾಡಿಕೊಳ್ಳಿ; ಅರ್ಧ ಕೆಲಸ ಅಲ್ಲಿಯೇ ಮುಗಿಯುತ್ತದೆ. ನಮ್ಮಲ್ಲಿ ಸಾಮಾನ್ಯವಾಗಿ ಬಳಸುವ ಡೆಲಿವರಿ ಹೋಸಿನ (ಪಂಪಿನಿಂದ ಬೆಂಕಿಯ ಕಡೆಗೆ ನೀರು ಒಯ್ಯುವ ಹೋಸಿನ) ವ್ಯಾಸ 63 ಮಿಲಿಮೀಟರ್, ಒಂದು ತುಂಡಿನ ಉದ್ದ 15 ಮೀಟರ್ ಅಥವಾ 30 ಮೀಟರ್. ಇದನ್ನು 16ರಿಂದ ಭಾಗಿಸಿದರೆ ವ್ಯಾಸ ಸುಮಾರು 4 ಮಿಲಿಮೀಟರ್ ಆಗುತ್ತದೆ, 15 ಮೀಟರಿನ ತುಂಡು ಸುಮಾರು 94 ಸೆಂಟಿಮೀಟರಿಗೆ ಇಳಿಯುತ್ತದೆ. ಹೆಚ್ಚಿನ ಆಟಿಕೆಗಳಲ್ಲಿ ಹೋಸ್ ಒಂದು ಗೇಣಿಗಿಂತ ಸ್ವಲ್ಪ ಉದ್ದವಿರುತ್ತದೆ, ದಪ್ಪ ಮಾತ್ರ ಎರಡು ಪಟ್ಟು. ಸುಳ್ಳು ಎಂದು ಮಗುವಿಗೆ ಅನ್ನಿಸುವುದರಲ್ಲಿ ತಪ್ಪೇನೂ ಇಲ್ಲ.

ಇದಕ್ಕಿಂತ ಮುಖ್ಯವಾದ ಇನ್ನೊಂದು ವಿಷಯವಿದೆ. ನಿಜವಾದ ಹೋಸ್ ನೀರಿಲ್ಲದಾಗ ಚಪ್ಪಟೆಯಾಗಿರುತ್ತದೆ, ನೀರು ತುಂಬಿದಾಗ ಮಾತ್ರ ದುಂಡಗಾಗುತ್ತದೆ. ಚಪ್ಪಟೆಯಾದಾಗ ಅದರ ಅಗಲ ಹತ್ತಿರಹತ್ತಿರ 99 ಮಿಲಿಮೀಟರ್. ನಿಮ್ಮ ಪ್ರಮಾಣದಲ್ಲಿ ಅದು ಸುಮಾರು 6 ಮಿಲಿಮೀಟರ್. ಹೊಲಿಗೆ ಸಾಮಾನಿನ ಅಂಗಡಿಯಲ್ಲಿ ಅಷ್ಟೇ ಅಗಲದ ಬಿಳಿ ಹತ್ತಿ ಲಾಡಿ ಸಿಗುತ್ತದೆ. ಅದನ್ನು ಸುರುಳಿ ಸುತ್ತಿ ವಾಹನದ ಪೆಟ್ಟಿಗೆಯಲ್ಲಿಟ್ಟರೆ ಠಾಣೆಯಲ್ಲಿ ಕಂಡ ಹೋಸಿನಂತೆಯೇ ಕೂರುತ್ತದೆ. ಅದರಲ್ಲಿ ನೀರು ಹರಿಯುವುದಿಲ್ಲ, ನಿಜ. ಆದ್ದರಿಂದ ಕೈಪಂಪಿನ ರಬ್ಬರ್ ನಳಿಗೆಯನ್ನು ನೀರಾಟಕ್ಕೆ ಹಾಗೆಯೇ ಉಳಿಸಿಕೊಳ್ಳಿ, ಲಾಡಿಯ ಹೋಸನ್ನು ಕವಾಯತಿನ ಆಟಕ್ಕೆ ಬಳಸಿ.

ಸಿಲಿಂಡರ್, ಬ್ರಾಂಚ್ ಪೈಪ್ (ಹೋಸಿನ ತುದಿಯಲ್ಲಿ ನೀರು ಚಿಮ್ಮಿಸುವ ಕೊಳವೆ), ಬೆಂಕಿ ನಂದಿಸುವ ಉಪಕರಣ ಇವೆಲ್ಲ ದುಂಡನೆಯ ವಸ್ತುಗಳಾದ್ದರಿಂದ ಚನ್ನಪಟ್ಟಣದ ಕುಶಲಕರ್ಮಿಗಳು ಆಲೆಮರದಲ್ಲಿ ಸೊಗಸಾಗಿ ಕಡೆದು ಕೊಡಬಲ್ಲರು. ಚಿತ್ರವನ್ನೂ ಅಳತೆಯನ್ನೂ ತೆಗೆದುಕೊಂಡು ಹೋಗಿ. ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿ, ತಾಳೆಗರಿಯಿಂದ ಉಜ್ಜಿ ಬರಿಸುವ ಆ ಕೆಂಪಿನ ಹೊಳಪು ಯಾವ ಸ್ಪ್ರೇ ಬಣ್ಣಕ್ಕೂ ಬರುವುದಿಲ್ಲ. ಸ್ಯಾನಿಟೈಸರಿನಿಂದ ಮಾತ್ರ ಒರೆಸಬೇಡಿ. ಅರಗು ಆಲ್ಕೋಹಾಲಿನಲ್ಲಿ ಕರಗುತ್ತದೆ.

ಹಾಸನದ ತಾಯಿ

ಸರ್, ಅಯಸ್ಕಾಂತದ ಯೋಚನೆಯನ್ನು ದಯವಿಟ್ಟು ಈಗಲೇ ಕೈಬಿಡಿ. ಮಗು ಇಂತಹ ಬಲವಾದ ಚಿಕ್ಕ ಅಯಸ್ಕಾಂತಗಳನ್ನು ಒಂದಕ್ಕಿಂತ ಹೆಚ್ಚು ನುಂಗಿದರೆ ಅವು ಹೊಟ್ಟೆಯೊಳಗೆ ಒಂದನ್ನೊಂದು ಎಳೆದುಕೊಂಡು, ನಡುವೆ ಸಿಕ್ಕಿದ ಕರುಳಿನ ಗೋಡೆಯನ್ನು ಒತ್ತಿ ತೂತು ಮಾಡಬಲ್ಲವು. ಎರಡು ವರ್ಷದ ಮಗಳಿರುವ ಮನೆಗೆ ಅವು ಬರಲೇಬಾರದು. ಸೈರನ್ನಿನ ಬ್ಯಾಟರಿ ಪೆಟ್ಟಿಗೆಗೆ ಸ್ಕ್ರೂ ಇದೆಯೇ ಎಂದೂ ನೋಡಿ. ಬಟನ್ ಸೆಲ್ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಕೆಲವೇ ಗಂಟೆಗಳಲ್ಲಿ ಒಳಗೆ ಸುಟ್ಟಗಾಯವಾಗುತ್ತದೆ.

ಅಯಸ್ಕಾಂತದ ಬದಲು ಟಿಚ್ ಬಟನ್ ಹೊಲಿಯಿರಿ. ರವಿಕೆಗೆ ಹಾಕುತ್ತೇವಲ್ಲ, ಅದೇ. ಅದರಲ್ಲಿಯೂ ಒಂದು ಗಂಡು, ಒಂದು ಹೆಣ್ಣು. ಒತ್ತಿದರೆ ಟಕ್ ಎನ್ನುತ್ತದೆ, ಎಳೆದರೆ ಬಿಡುತ್ತದೆ. ಲಾಡಿಯ ತುದಿಯನ್ನು ಎರಡು ಮಡಿಕೆ ಮಾಡಿ, ಬಟನ್ನಿನ ನಾಲ್ಕೂ ತೂತುಗಳಲ್ಲಿ ಜೋಡಿ ದಾರವನ್ನು ಐದಾರು ಬಾರಿ ಹಾಯಿಸಿ ಬಿಗಿಯಾಗಿ ಹೊಲಿಯಬೇಕು. ಬಟನ್ ಕೂಡ ನುಂಗಬಹುದಾದ ವಸ್ತುವೇ ಆದ್ದರಿಂದ ಪ್ರತಿ ವಾರ ಎಳೆದು ಪರೀಕ್ಷಿಸಿ.

ಚನ್ನಪಟ್ಟಣದ ಸಿಲಿಂಡರಿನ ಬಗ್ಗೆಯೂ ಒಂದು ಮಾತು. 1:16ರಲ್ಲಿ ಅದು ಕಿರುಬೆರಳಿಗಿಂತ ಚಿಕ್ಕದಾಗುತ್ತದೆ. ಮೂರು ವರ್ಷದೊಳಗಿನ ಮಕ್ಕಳ ಆಟಿಕೆಗಳನ್ನು 31.7 ಮಿಲಿಮೀಟರ್ ವ್ಯಾಸದ ಒಂದು ಪರೀಕ್ಷಾ ನಳಿಗೆಯಿಂದ ಅಳೆಯುತ್ತಾರೆ. ಅದರೊಳಗೆ ಪೂರ್ತಿ ಹಿಡಿಸುವ ತುಂಡು ಗಂಟಲಿನಲ್ಲಿ ಸಿಕ್ಕಿಕೊಳ್ಳುವ ಅಪಾಯವಿದೆ ಎಂದೇ ಅರ್ಥ. ಇಂತಹ ತುಂಡುಗಳನ್ನೂ, ಕುತ್ತಿಗೆಗೆ ಸುತ್ತಿಕೊಳ್ಳಬಹುದಾದ 94 ಸೆಂಟಿಮೀಟರಿನ ಲಾಡಿಯನ್ನೂ ಆಟ ಮುಗಿದ ಕೂಡಲೇ ಎತ್ತರದ ಡಬ್ಬಿಯಲ್ಲಿಡುವುದನ್ನು ಮಗನಿಗೇ ಕೆಲಸವಾಗಿ ಒಪ್ಪಿಸಿ.

ನಿವೃತ್ತ ಅಗ್ನಿಶಾಮಕ ಸಿಬ್ಬಂದಿ

ಟಿಚ್ ಬಟನ್ನಿನ ಸಲಹೆ ಕೊಟ್ಟ ತಾಯಿಗೆ ನಮಸ್ಕಾರ. ನಮ್ಮ ಇನ್‌ಸ್ಟಂಟೇನಿಯಸ್ ಕಪ್ಲಿಂಗ್ (ಒತ್ತಿದೊಡನೆ ಕೂಡಿಕೊಳ್ಳುವ ಜೋಡಣೆ) ಕೆಲಸ ಮಾಡುವ ಬಗೆಗೆ ಅದಕ್ಕಿಂತ ಹತ್ತಿರವಾದ ವಸ್ತು ಮನೆಯಲ್ಲಿ ಸಿಗಲಾರದು. ಹೊಲಿಯುವಾಗ ದಿಕ್ಕು ತಪ್ಪಬಾರದು. ನಮ್ಮಲ್ಲಿ ಪಂಪಿನ ಹೊರಬಾಯಿ ಹೆಣ್ಣು, ಬ್ರಾಂಚ್ ಪೈಪಿನ ಹಿಂತುದಿ ಗಂಡು. ಆದ್ದರಿಂದ ಹೋಸಿನ ಗಂಡು ತುದಿ ವಾಹನದ ಕಡೆಗೆ, ಹೆಣ್ಣು ತುದಿ ಬೆಂಕಿಯ ಕಡೆಗೆ ಇರಬೇಕು. ಅಮೆರಿಕದ ಮಾದರಿಯ ಆಟಿಕೆಗಳಲ್ಲಿ ಇದು ತಿರುವುಮುರುವಾಗಿರುತ್ತದೆ, ಅಲ್ಲಿ ತಿರುಪಿನ ಕಪ್ಲಿಂಗ್ ಇರುತ್ತದೆ.

ನಿಮ್ಮ ಮಗ ನೋಡಿದ್ದು ಡಚ್ ರೋಲ್. ಹೋಸನ್ನು ನಡುವೆ ಮಡಿಸಿ, ಗಂಡು ತುದಿಯನ್ನು ಹೆಣ್ಣು ತುದಿಗಿಂತ ತುಸು ಹಿಂದೆ ಇರಿಸಿಕೊಂಡು, ಮಡಿಕೆಯ ಕಡೆಯಿಂದ ಸುತ್ತುತ್ತ ಬಂದರೆ ಎರಡೂ ಕಪ್ಲಿಂಗ್‌ಗಳು ಸುರುಳಿಯ ಹೊರಗೆ ಉಳಿಯುತ್ತವೆ. ಅವೆರಡನ್ನೂ ಕೈಯಲ್ಲಿ ಹಿಡಿದು ಸುರುಳಿಯನ್ನು ಮುಂದಕ್ಕೆ ಉರುಳಿಸಿದರೆ ಹೋಸ್ ತಿರುಚಿಕೊಳ್ಳದೆ ಬಿಚ್ಚಿಕೊಳ್ಳುತ್ತದೆ. ಲಾಡಿಯಲ್ಲಿಯೂ ಇದು ಸಾಧ್ಯ. ಸೇವೆಗೆ ಸೇರಿದ ಹೊಸತರಲ್ಲಿ ಇದೊಂದನ್ನೇ ನಾವು ದಿನಗಟ್ಟಲೆ ಅಭ್ಯಾಸ ಮಾಡುತ್ತಿದ್ದೆವು.

ಬಿ.ಎ. ಸೆಟ್ಟನ್ನು ಮಾತ್ರ ಗೊಂಬೆಯ ಅಳತೆಗಲ್ಲ, ಮಗುವಿನ ಅಳತೆಗೇ ಮಾಡಿಕೊಡಿ. ಒಂದು ಲೀಟರಿನ ಖಾಲಿ ಬಾಟಲಿಗೆ ಬಣ್ಣದ ಕಾಗದ ಸುತ್ತಿ, ಹಳೆಯ ಶಾಲಾಚೀಲದ ಪಟ್ಟಿಗಳಿಗೆ ಕಟ್ಟಿದರೆ ಸಾಕು. ಮುಖವಾಡಕ್ಕೆ ಕಣ್ಣಿನ ಮುಂದೆ ಪಾರದರ್ಶಕ ಹಾಳೆಯಿರಲಿ, ಮೂಗು ಬಾಯಿ ಪೂರ್ತಿ ತೆರೆದಿರಲಿ. ಸೆಟ್ಟಿನಲ್ಲಿ ಗಾಳಿ ಕಡಿಮೆಯಾಗಿ ಒತ್ತಡ ಸುಮಾರು 50 ಬಾರ್‌ಗೆ ಇಳಿದಾಗ ಒಂದು ಸೀಟಿ ತಾನಾಗಿ ಕೂಗುತ್ತದೆ. ಆಟದಲ್ಲಿ ನೀವು ಸೀಟಿ ಊದಿ. ಊದಿದೊಡನೆ ಅವನು ಎಲ್ಲವನ್ನೂ ಬಿಟ್ಟು ಹೊರಗೆ ಬರಬೇಕು.

ಮುಖವಾಡದ ಆಟವನ್ನು ನಾನು ಒತ್ತಿ ಹೇಳಲು ಕಾರಣವಿದೆ. ಹೊಗೆ ತುಂಬಿದ ಮನೆಯೊಳಗೆ ಕಪ್ಪು ಮುಖವಾಡ ಧರಿಸಿ, ಭುಸುಗುಡುವ ಉಸಿರಿನೊಂದಿಗೆ ಬರುವವರನ್ನು ಕಂಡರೆ ಮಕ್ಕಳು ಹೆದರಿ ಮಂಚದ ಕೆಳಗೆ, ಬಟ್ಟೆಯ ಬೀರುವಿನೊಳಗೆ ಅಡಗಿಕೊಳ್ಳುತ್ತಾರೆ. ನಾವು ಹುಡುಕುತ್ತಿದ್ದರೂ ಉತ್ತರ ಕೊಡುವುದಿಲ್ಲ. ನಿಮ್ಮ ಮಗನ ಕೈಯಿಂದಲೇ ಮುಖವಾಡ ಹಾಕಿಸಿ, ತಂಗಿಯನ್ನು ಮಂಚದ ಕೆಳಗಿನಿಂದ ಕರೆತರುವ ಆಟ ಆಡಿಸಿ. ಆ ರೂಪ ಇಬ್ಬರಿಗೂ ಪರಿಚಯವಾಗಲಿ.

911 ಅಮೆರಿಕದ ಸಂಖ್ಯೆ. ಅದರ ಮೇಲೆ ಬಿಳಿ ಸ್ಟಿಕ್ಕರ್ ಅಂಟಿಸಿ, ಕನ್ನಡದಲ್ಲಿ ‘ಅಗ್ನಿಶಾಮಕ’ ಎಂದೂ, ಕೆಳಗೆ 101 ಮತ್ತು 112 ಎಂದೂ ಬರೆಯಿರಿ. ಓದಲು ಕಲಿಯುತ್ತಿರುವ ಮಗು ದಿನವೂ ನೋಡುವ ಅಕ್ಷರಗಳಿವು; ತಪ್ಪು ಸಂಖ್ಯೆ ಒಂದು ದಿನವೂ ಅಲ್ಲಿರಬಾರದು.

ಶಿವಮೊಗ್ಗದ ತಂದೆ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಅಯಸ್ಕಾಂತಗಳನ್ನು ತರಿಸುವುದನ್ನು ನಿಲ್ಲಿಸಿದ್ದೇನೆ. ಭಾನುವಾರ ನನ್ನ ತಾಯಿಯವರು ಲಾಡಿಗೆ ಟಿಚ್ ಬಟನ್ ಹೊಲಿದುಕೊಟ್ಟರು. ಮೊದಲು ಗಂಡು ಹೆಣ್ಣು ಅದಲುಬದಲಾಗಿತ್ತು, ಬಿಚ್ಚಿ ಮತ್ತೆ ಹೊಲಿದೆವು. ಸುರುಳಿ ಸುತ್ತುವುದು ಮಗನಿಗೆ ನಾಲ್ಕನೆಯ ಬಾರಿಗೆ ಬಂತು; ನನಗೆ ಇನ್ನೂ ಸರಿಯಾಗಿ ಬಂದಿಲ್ಲ, ಅವನೇ ಕೈ ಹಿಡಿದು ಹೇಳಿಕೊಡುತ್ತಿದ್ದಾನೆ. ಮಗಳು ಮುಖವಾಡ ಕಂಡು ಮೊದಲ ದಿನ ಅತ್ತಳು. ಎರಡನೆಯ ದಿನ ತಾನೇ ಮಂಚದ ಕೆಳಗೆ ಹೋಗಿ ಕುಳಿತು ಅಣ್ಣನನ್ನು ಕೂಗಿದಳು.

ಏಣಿಯೊಂದು ಬಾಕಿಯಿದೆ. 10.5 ಮೀಟರಿನ ಏಣಿ ನಮ್ಮ ಪ್ರಮಾಣದಲ್ಲಿ ಸುಮಾರು 66 ಸೆಂಟಿಮೀಟರ್ ಆಗುತ್ತದೆ. ಮೇಲಿನ ಭಾಗವನ್ನು ಹಗ್ಗದಿಂದ ಎಳೆದ ಮೇಲೆ ಅದು ಮೆಟ್ಟಿಲಿಗೆ ಕೊಕ್ಕೆಯಂತೆ ಕೂರಬೇಕು. ಬಿದಿರಿನ ಕಡ್ಡಿಯಲ್ಲಿ ಇದನ್ನು ಮಾಡಿ ನೋಡಿದವರು ಯಾರಾದರೂ ಇದ್ದರೆ, ಆ ಕೊಕ್ಕೆಯನ್ನು ಯಾವುದರಿಂದ ಮಾಡಿದಿರಿ ಎಂದು ತಿಳಿಸಬೇಕು.