ಸಿಲ್ಕಿ ಹುಂಜ, ಫ್ರಿಜಲ್ ಹೇಂಟೆ: ಮರಿಗಳಲ್ಲಿ ರೇಷ್ಮೆ ಪುಕ್ಕ ಏಕೆ ಬರಲಿಲ್ಲ?

ಪ್ರಶ್ನೆ

ತೀರ್ಥಹಳ್ಳಿ ಸಮೀಪದ ನಮ್ಮ ಮನೆಯಲ್ಲಿ ನಾಟಿ ಕೋಳಿಗಳ ಜೊತೆಗೆ ಎರಡು ವರ್ಷಗಳಿಂದ ಕೆಲವು ಅಲಂಕಾರಿಕ ಕೋಳಿಗಳನ್ನೂ ಸಾಕುತ್ತಿದ್ದೇನೆ. ಒಂದು ಬಿಳಿ ಸಿಲ್ಕಿ ಹುಂಜವಿದೆ. ಪುಕ್ಕಗಳೆಲ್ಲ ಹಿಂದಕ್ಕೆ ಸುರುಳಿ ಸುತ್ತಿಕೊಂಡಿರುವ, ಹಳದಿ ಕಾಲಿನ ಫ್ರಿಜಲ್ ಕೊಚಿನ್ ಹೇಂಟೆಗಳು ಎರಡಿವೆ. ರೇಷ್ಮೆ ಪುಕ್ಕವೂ ಸುರುಳಿಯೂ ಒಂದೇ ಮೈಮೇಲೆ ಇರುವ ‘ಸಿಜಲ್’ ಕೋಳಿಯನ್ನು ಪಡೆಯಬೇಕೆಂಬ ಆಸೆಯಿಂದ ಇವನ್ನು ಕೂಡಿಸಿ, 15 ಮೊಟ್ಟೆಗಳನ್ನು ನಾಟಿ ಹೇಂಟೆಯ ಕೆಳಗೆ ಕಾವಿಗಿಟ್ಟೆ. 13 ಮರಿಗಳಾದವು. ಈಗ ಅವಕ್ಕೆ ಆರು ವಾರ. ಏಳು ಮರಿಗಳ ಪುಕ್ಕ ಸುರುಳಿಯಾಗಿದೆ, ಆರರದ್ದು ಸಾಮಾನ್ಯ ಕೋಳಿಯಂತಿದೆ, ರೇಷ್ಮೆ ಪುಕ್ಕ ಮಾತ್ರ ಒಂದಕ್ಕೂ ಇಲ್ಲ. ಐದು ಮರಿಗಳ ಚರ್ಮ ನೀಲಿಗಪ್ಪಾಗಿದೆ, ಉಳಿದವುಗಳದ್ದು ತಿಳಿಯಾಗಿದೆ. ಹುಂಜ ಶುದ್ಧ ತಳಿಯದ್ದಲ್ಲ, ಮಾರಿದವರು ಮೋಸ ಮಾಡಿದ್ದಾರೆ ಎಂದು ಪರಿಚಯದವರೊಬ್ಬರು ಹೇಳುತ್ತಿದ್ದಾರೆ. ಅದು ನಿಜವೇ? ಸುರುಳಿ ಪುಕ್ಕದ ಮರಿಗಳನ್ನು ಬೆಳೆಸಿ ಅವುಗಳಲ್ಲೇ ಜೋಡಿ ಮಾಡಿದರೆ ಮುಂದಿನ ಪೀಳಿಗೆಯಲ್ಲಿ ಸಿಜಲ್ ದೊರೆಯಬಹುದೇ?

ಮೊದಲ ಉತ್ತರ

ನಿಮ್ಮ ಹುಂಜದ ಮೇಲೆ ಅನುಮಾನ ಬೇಡ. ಈ ಮರಿಗಳೇ ಅದರ ಪರವಾಗಿ ಸಾಕ್ಷಿ ಹೇಳುತ್ತಿವೆ. ಸಾಮಾನ್ಯ ಗರಿಯ ಎಳೆಗಳು ಸೂಕ್ಷ್ಮವಾದ ಕೊಕ್ಕೆಗಳಿಂದ ಒಂದಕ್ಕೊಂದು ಹೆಣೆದುಕೊಂಡು ಹಾಳೆಯಂತಾಗುತ್ತವೆ. ಸಿಲ್ಕಿಯಲ್ಲಿ ಆ ಕೊಕ್ಕೆಗಳಿಲ್ಲದ ಕಾರಣ ಎಳೆಗಳು ಬಿಡಿಬಿಡಿಯಾಗಿ ತುಪ್ಪಳದಂತೆ ಕಾಣುತ್ತವೆ. ಇದು ದುರ್ಬಲ ಗುಣ, ಅಂದರೆ ತಂದೆಯಿಂದ ಒಂದು, ತಾಯಿಯಿಂದ ಒಂದು, ಹೀಗೆ ಅದರ ಜೀನ್‌ನ ಎರಡು ಪ್ರತಿಗಳು ಸೇರಿದರೆ ಮಾತ್ರ ಹೊರಗೆ ಕಾಣುತ್ತದೆ. ಕೊಚಿನ್ ತಾಯಿ ಆ ಪ್ರತಿಯನ್ನು ಕೊಡಲಾರದು. ಹಾಗಾಗಿ 13 ಮರಿಗಳೂ ರೇಷ್ಮೆ ಪುಕ್ಕದ ಒಂದೊಂದು ಪ್ರತಿಯನ್ನು ಒಳಗೆ ಹೊತ್ತುಕೊಂಡು, ಹೊರನೋಟಕ್ಕೆ ಕೊಕ್ಕೆಯಿರುವ ಪುಕ್ಕವನ್ನೇ ತಳೆದಿವೆ. ಸುರುಳಿಯ ಗುಣ ಇದಕ್ಕೆ ವಿರುದ್ಧ: ಒಂದೇ ಪ್ರತಿಯಿದ್ದರೂ ಕಾಣುತ್ತದೆ. ನಿಮ್ಮ ಹೇಂಟೆಗಳಲ್ಲಿ ಅದರ ಒಂದೊಂದು ಪ್ರತಿಯಿರುವುದರಿಂದ ಸರಿಸುಮಾರು ಅರ್ಧ ಮರಿಗಳಿಗೆ ಅದು ಬಂದಿದೆ.

ಚರ್ಮದ ಬಣ್ಣದ ವಿಷಯ ಇನ್ನೂ ಸ್ವಾರಸ್ಯಕರವಾದದ್ದು. ಸಿಲ್ಕಿಯ ಕಪ್ಪು ಚರ್ಮ ಪ್ರಬಲ ಗುಣವೇ ಆದರೂ ಅದನ್ನು ತಡೆಹಿಡಿಯುವ ಮತ್ತೊಂದು ಜೀನ್ ಲಿಂಗ ವರ್ಣತಂತುವಿನ ಮೇಲಿದೆ, ಮತ್ತು ಹಳದಿ ಕಾಲಿನ ಕೊಚಿನ್‌ನಲ್ಲಿ ಆ ತಡೆ ಇರುತ್ತದೆ. ಕೋಳಿಗಳಲ್ಲಿ ತಾಯಿ ಝಡ್ ಎಂಬ ತನ್ನ ಆ ಲಿಂಗ ವರ್ಣತಂತುವನ್ನು ಗಂಡುಮರಿಗಳಿಗೆ ಮಾತ್ರ ಕೊಡುತ್ತದೆ. ಆದ್ದರಿಂದ ತಡೆಯನ್ನು ಪಡೆದ ಗಂಡುಗಳು ತಿಳಿಚರ್ಮದವಾಗಿ, ಪಡೆಯದ ಹೆಣ್ಣುಗಳು ಕಪ್ಪು ಚರ್ಮದವಾಗಿ ಬೆಳೆಯುತ್ತವೆ. ಬ್ರಿಟಿಷ್ ತಳಿವಿಜ್ಞಾನಿಗಳಾದ ಬೇಟ್ಸನ್ ಮತ್ತು ಪನೆಟ್ ಅವರು ಸಿಲ್ಕಿಯನ್ನು ಬ್ರೌನ್ ಲೆಗ್‌ಹಾರ್ನ್ ತಳಿಯ ಕೋಳಿಯ ಜೊತೆ ಸಂಕರಿಸಿ 1911ರಲ್ಲಿ ವಿವರಿಸಿದ್ದು ಇದನ್ನೇ. ನಿಮ್ಮ ಐದು ಕಪ್ಪು ಮರಿಗಳು ಬಹುಶಃ ಹೇಂಟೆಗಳೇ. ಜುಟ್ಟು ಬಲಿತಾಗ ನೋಡಿ ತಿಳಿಸಿ.

ಸಿಜಲ್ ಬೇಕಿದ್ದರೆ ಸುರುಳಿ ಪುಕ್ಕದ ಈ ಹೇಂಟೆಗಳನ್ನು ಸಿಲ್ಕಿ ಹುಂಜಕ್ಕೇ ಮರಳಿ ಕೂಡಿಸಿ. ಆಗ ನಾಲ್ಕರಲ್ಲಿ ಒಂದು ಮರಿ ರೇಷ್ಮೆ ಮತ್ತು ಸುರುಳಿ ಎರಡನ್ನೂ ಪಡೆಯುತ್ತದೆ. ಮಗಳನ್ನು ತಂದೆಗೇ ಕೂಡಿಸುವ ಬದಲು ಬೇರೆ ರಕ್ತದ ಸಿಲ್ಕಿ ಹುಂಜ ಸಿಕ್ಕರೆ ಇನ್ನೂ ಒಳ್ಳೆಯದು. ಕೆಲವು ಕಾರಣಗಳಿಂದ ಹಾಗೆ ಮಾಡಲಾಗದಿದ್ದರೆ, ಸುರುಳಿಯ ಮರಿಯನ್ನು ಸಾಮಾನ್ಯ ಪುಕ್ಕದ ಒಡಹುಟ್ಟಿಗೆ ಕೂಡಿಸಬಹುದು, ಆದರೆ ಆಗ ದೊರೆಯುವುದು ಎಂಟರಲ್ಲಿ ಒಂದು.

ಎರಡನೆಯ ಉತ್ತರ

ಮೇಲಿನವರು ಹೇಳಿದ್ದೆಲ್ಲ ಸರಿಯಾಗಿದೆ. ಆದರೆ ಪ್ರಶ್ನೆಯ ಕೊನೆಯ ಭಾಗಕ್ಕೆ ಇನ್ನಷ್ಟು ಒತ್ತು ಕೊಟ್ಟು ಉತ್ತರಿಸಬೇಕೆಂದು ನನಗನ್ನಿಸುತ್ತದೆ. ಸುರುಳಿಯನ್ನು ಸುರುಳಿಗೆ ದಯವಿಟ್ಟು ಕೂಡಿಸಬೇಡಿ. ಹಾಗೆ ಮಾಡಿದರೂ ಸಿಜಲ್ ಸಿಗುವುದು ಎಂಟರಲ್ಲಿ ಒಂದೇ, ಅದರ ಜೊತೆಗೆ ನಾಲ್ಕರಲ್ಲಿ ಒಂದು ಮರಿ ಸುರುಳಿಯ ಎರಡು ಪ್ರತಿಗಳನ್ನು ಪಡೆಯುತ್ತದೆ. ಸುರುಳಿಗೆ ಕಾರಣ ಗರಿಯನ್ನು ಕಟ್ಟುವ ಕೆರಾಟಿನ್ ಪ್ರೋಟೀನೊಂದರ ಜೀನ್‌ನಲ್ಲಿರುವ ದೋಷವೆಂದು 2012ರಲ್ಲಿ ತಿಳಿದುಬಂದಿದೆ. ಒಂದು ಪ್ರತಿಯಿದ್ದರೆ ಗರಿಯ ನಡುಕಡ್ಡಿ ಬಾಗುತ್ತದೆ, ಎರಡಿದ್ದರೆ ಕಡ್ಡಿಯೇ ಗಟ್ಟಿಯಾಗದೆ ಸ್ವಲ್ಪ ತಾಗಿದರೂ ಮುರಿಯುತ್ತದೆ.

ಅರಿವಿಲ್ಲದೆ ಇದನ್ನು ಮಾಡಿದವನು ನಾನು. ಚಿಕ್ಕಮಗಳೂರಿನ ತಂಪಿನಲ್ಲಿ ಅಂತಹ ಮೂರು ಮರಿಗಳು ಹುಟ್ಟಿದವು. ಮೂರನೆಯ ತಿಂಗಳಿಗೆ ಬೆನ್ನು, ಕತ್ತು ಬರಿದಾಗಿ, ಎಷ್ಟು ತಿಂದರೂ ಮೈ ಕೂಡದೆ, ಇಡೀ ದಿನ ದೀಪದ ಕೆಳಗೆ ಮುದುಡಿ ಕೂರುತ್ತಿದ್ದವು. ಮಳೆಗಾಲವನ್ನು ದಾಟಿದ್ದು ಒಂದು ಮಾತ್ರ. ಅಮೆರಿಕದ ಕನೆಕ್ಟಿಕಟ್ ರಾಜ್ಯದ ಸ್ಟೋರ್ಸ್‌ನಲ್ಲಿ ವಾಲ್ಟರ್ ಲ್ಯಾಂಡವರ್ ಮತ್ತು ಅವರ ಸಂಗಡಿಗರು 1930ರ ಆಸುಪಾಸಿನಲ್ಲಿಯೇ ಇಂತಹ ಕೋಳಿಗಳನ್ನು ಪರೀಕ್ಷಿಸಿ, ಶಾಖ ಸೋರಿಹೋಗುವುದನ್ನು ತುಂಬಿಕೊಳ್ಳಲು ದೇಹ ವಿಪರೀತ ದುಡಿಯುವುದನ್ನೂ ಹೃದಯ ದೊಡ್ಡದಾಗುವುದನ್ನೂ ಕಂಡಿದ್ದರು. ಶಾಖ ಹೊರಹೋಗುವ ಈ ಗುಣವೇ ಸೆಕೆಯ ಸೀಮೆಯಲ್ಲಿ, ಮಿತಿಯಲ್ಲಿದ್ದಾಗ, ಉಪಕಾರಿಯಾಗುತ್ತದೆ. ಉತ್ತರ ಪ್ರದೇಶದ ಇಜ್ಜತ್‌ನಗರದ ಕೇಂದ್ರೀಯ ಪಕ್ಷಿ ಸಂಶೋಧನಾ ಸಂಸ್ಥೆಯವರು ‘ಉಪ್‌ಕಾರಿ’ ತಳಿಗೆ ಫ್ರಿಜಲ್ ರಕ್ತವನ್ನು ಬಳಸಿದ್ದು ಅದಕ್ಕಾಗಿಯೇ. ಆದರೆ ಮಲೆನಾಡಿನ ಥಂಡಿಯಲ್ಲಿ ಎರಡು ಪ್ರತಿಯ ಮರಿಗೆ ಅದು ಬರಿಯ ಸಂಕಟ.

ಮೂರನೆಯ ಉತ್ತರ

ಸಾಮಾನ್ಯ ಪುಕ್ಕದ ಒಡಹುಟ್ಟಿಗೆ ಕೂಡಿಸಬಹುದೆಂಬ ಸಲಹೆಗೆ ಒಂದು ತಿದ್ದುಪಡಿಯ ಅಗತ್ಯವಿದೆ. ಸುರುಳಿಯನ್ನು ತಗ್ಗಿಸುವ ಮತ್ತೊಂದು ದುರ್ಬಲ ಜೀನ್ ಕೋಳಿಗಳಲ್ಲಿದೆ. ಅದರ ಎರಡು ಪ್ರತಿಗಳು ಸೇರಿದ ಕೋಳಿ, ಸುರುಳಿಯ ಒಂದು ಪ್ರತಿಯನ್ನು ಹೊತ್ತಿದ್ದರೂ, ನಯವಾದ ಪುಕ್ಕದ ಕೋಳಿಯಂತೆಯೇ ಕಾಣಬಹುದು. ಕಣ್ಣಳತೆಯನ್ನೇ ನಂಬಿ ಅಂತಹದ್ದನ್ನು ಫ್ರಿಜಲ್‌ಗೆ ಕೂಡಿಸಿದರೆ ಎರಡು ಪ್ರತಿಯ ಮರಿಗಳು ಹುಟ್ಟಿಬಿಡುತ್ತವೆ. ಅನುಮಾನವಿದ್ದರೆ ಮೊದಲು ಆ ಕೋಳಿಯನ್ನು ಸುರುಳಿಯ ಸಂಪರ್ಕವೇ ಇಲ್ಲದ ನಾಟಿ ಕೋಳಿಗೆ ಕೂಡಿಸಿ ನೋಡಿ. ಅದು ಸುರುಳಿಯನ್ನು ಹೊತ್ತಿದ್ದರೆ ಅರ್ಧದಷ್ಟು ಮರಿಗಳಲ್ಲಿ ಕಾಣಿಸಿಕೊಳ್ಳಬೇಕು. ಹಾಗೆ ಹುಟ್ಟಿದ ಏಳಕ್ಕೆ ಏಳು ಮರಿಗಳೂ ನಯವಾಗಿ ಬಂದರೆ, ಆ ಕೋಳಿ ಸುರುಳಿಯನ್ನು ಹೊತ್ತಿದ್ದೂ ಹಾಗೆ ಬರುವ ಸಾಧ್ಯತೆ 128ರಲ್ಲಿ ಒಂದು ಮಾತ್ರ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಮಾರಿದವರನ್ನು ಸುಮ್ಮನೆ ದೂರಿದೆನೆಂಬ ಬೇಸರವಿದೆ. ಸುರುಳಿ ಮರಿಗಳನ್ನು ಒಂದಕ್ಕೊಂದು ಕೂಡಿಸುವುದಿಲ್ಲ. ಗಂಡುಗಳನ್ನು ಈಗಲೇ ಬೇರ್ಪಡಿಸುತ್ತೇನೆ. ಏಳು ಸುರುಳಿ ಮರಿಗಳಲ್ಲಿ ಕಪ್ಪು ಚರ್ಮದವು ಮೂರಿವೆ. ಅವು ಹೇಂಟೆಗಳೇ ಆದರೆ ಬೇರೆ ಸಿಲ್ಕಿ ಹುಂಜವನ್ನು ತಂದು ಕೂಡಿಸುತ್ತೇನೆ. ಎಷ್ಟು ಮೊಟ್ಟೆಗಳನ್ನು ಇಡಬೇಕು?

ಮೊದಲ ಉತ್ತರ ಕೊಟ್ಟವರು

ನಾಲ್ಕರಲ್ಲಿ ಒಂದು ಎಂದರೆ ನಾಲ್ಕು ಮೊಟ್ಟೆಗೆ ಒಂದು ಖಚಿತವೆಂದಲ್ಲ. ಎಂಟು ಮರಿಗಳಾದಾಗಲೂ ಒಂದೂ ಸಿಜಲ್ ಬಾರದಿರುವ ಸಾಧ್ಯತೆ ನೂರಕ್ಕೆ ಹತ್ತರಷ್ಟಿದೆ. 16 ಮರಿಗಳಾದರೆ ಅದು ನೂರಕ್ಕೆ ಒಂದಕ್ಕೆ ಇಳಿಯುತ್ತದೆ. ಎರಡು ಕಾವುಗಳಲ್ಲಿ 20 ಮೊಟ್ಟೆಗಳನ್ನಿಡಿ. ಒಡಹುಟ್ಟುಗಳ ವಿಷಯದಲ್ಲಿ ಮೂರನೆಯವರ ತಿದ್ದುಪಡಿಯನ್ನು ಒಪ್ಪುತ್ತೇನೆ. ಕೊಕ್ಕೆಯಿಲ್ಲದ ಪುಕ್ಕ ನೀರನ್ನು ತಡೆಯದು, ಸುರುಳಿಯಾದರೆ ಚರ್ಮಕ್ಕೇ ಮಳೆ ತಾಗುತ್ತದೆ. ಆದ್ದರಿಂದ ಮರಿಗಳು ಆಗಸ್ಟ್‌ನಲ್ಲಿ ಆಗದೆ ನವೆಂಬರ್ ಹೊತ್ತಿಗೆ ಆಗುವಂತೆ ಕಾವಿಗಿಡಿ.