ಪದಚರ್ಚೆ: ಕಲ್ಲಿದ್ದಲಿನ ‘ರೇಸಿಂಗ್ಸ್’ಗೆ ಕನ್ನಡದಲ್ಲಿ ಏನನ್ನೋಣ? (ನಾಳೆ ಅಚ್ಚಿಗೆ ಹೋಗಬೇಕು)

ಅನುವಾದಕಿ, ಬೆಂಗಳೂರು:

ಗೆಳೆಯರೇ, ತುರ್ತಾಗಿ ಒಂದು ಪದ ಬೇಕು. ಒಂದು ಸಣ್ಣ ಪ್ರದರ್ಶನಕ್ಕೆ ಗೋಡೆ ಫಲಕಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ವಿಷಯ 1900ರಿಂದ 1926ರವರೆಗಿನ ಕಲ್ಲಿದ್ದಲು: ಎಷ್ಟು ತೆಗೆದರು, ಎಷ್ಟಕ್ಕೆ ಮಾರಿದರು. ಅಚ್ಚಿನವರು ನಾಳೆ ಮಧ್ಯಾಹ್ನದೊಳಗೆ ಫೈಲ್ ಕಳಿಸಿ ಅಂದಿದ್ದಾರೆ.

ಪೂರ್ವ ಭಾರತದ ರಾಣಿಗಂಜ್, ಝರಿಯಾ ಗಣಿಗಳ ಲೆಕ್ಕದಲ್ಲಿ ಮೂರು ಕಾಲಂ ಇವೆ. ‘ರೇಸಿಂಗ್ಸ್’ (raisings, ಅಂದರೆ ಮೇಲೆತ್ತಿದ್ದು), ‘ಡಿಸ್‌ಪ್ಯಾಚಸ್’, ‘ವ್ಯಾಲ್ಯೂ ಅಟ್ ಪಿಟ್ಸ್ ಮೌತ್’ (ಬಾಡಿಗೆ ಸೇರುವ ಮೊದಲು, ಗಣಿಯ ಬಾಯಲ್ಲೇ ಇರುವ ಬೆಲೆ). ಮೊದಲನೆಯದಕ್ಕೆ ‘ಉತ್ಪಾದನೆ’ ಅಂತ ಹಾಕಿ ಮುಗಿಸಬಹುದು. ಆದರೆ ಮನಸ್ಸು ಒಪ್ಪುತ್ತಿಲ್ಲ. ಕಲ್ಲಿದ್ದಲನ್ನು ಯಾರೂ ಹುಟ್ಟಿಸಲಿಲ್ಲ. ನೆಲದಡಿ ಇದ್ದದ್ದನ್ನು ಮೇಲೆ ತಂದರು. ಮೂಲದ ಪದವೂ ಅದನ್ನೇ ಹೇಳುತ್ತದೆ. ಎರಡನೆಯದಕ್ಕೆ ‘ರವಾನೆ’ ಅಂದುಕೊಂಡಿದ್ದೇನೆ. ಮೂರನೆಯದಕ್ಕೆ ಏನೂ ಹೊಳೆದಿಲ್ಲ.

ನಿವೃತ್ತ ಮೇಷ್ಟ್ರು, ಮೈಸೂರು:

‘ಉತ್ಪಾದನೆ’ ಸಾಕು. ಹಾಲು, ಭತ್ತ, ವಿದ್ಯುತ್ತು ಎಲ್ಲಕ್ಕೂ ಅದನ್ನೇ ಬಳಸುತ್ತೇವೆ. ಕಲ್ಲಿದ್ದಲಿಗೆ ಮಾತ್ರ ಬೇರೆ ನಿಯಮ ಯಾಕೆ? ಮೂರನೆಯದು ‘ಗಣಿಮುಖ ಬೆಲೆ’. ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ.

ಅಚ್ಚಗನ್ನಡಿಗ, ಶಿವಮೊಗ್ಗ:

ಮೇಷ್ಟ್ರೇ, ‘ಗಣಿಮುಖ’ ಅರಿಸಮಾಸ. ‘ಗಣಿ’ ತದ್ಭವ, ‘ಮುಖ’ ತತ್ಸಮ. ‘ಖನಿಮುಖ’ ಅನ್ನಿ, ಇಲ್ಲವೇ ‘ಗಣಿಬಾಯಿ’ ಅನ್ನಿ. ಎರಡೂ ದೋಣಿಯಲ್ಲಿ ಕಾಲಿಡಬೇಡಿ. ಬಾವಿಗೆ ಬಾಯಿ ಇದೆ, ಒಲೆಗೆ ಬಾಯಿ ಇದೆ, ಗಣಿಗೆ ಯಾಕಿರಬಾರದು?

‘ರೇಸಿಂಗ್ಸ್’ಗೆ ನನ್ನ ಪದ ‘ಎತ್ತುವಳಿ’. ಹುಟ್ಟುವಳಿ, ಹಿಡುವಳಿ, ಸಾಗುವಳಿ ಎಲ್ಲ ಒಂದೇ ಅಚ್ಚು. ನಮ್ಮ ರೈತರ ಲೆಕ್ಕದ ಪದಗಳು ಇವು. ಹೊಸದಾಗಿ ಏನನ್ನೂ ಕಟ್ಟಬೇಕಿಲ್ಲ.

ಇನ್ನೊಂದು ಮಾತು. ಇಂಗ್ಲಿಷಿನ ‘ಕೋಲ್’ ನಮ್ಮ ‘ಕೊಳ್ಳಿ’ಯಿಂದಲೇ ಹೋದದ್ದು ಅಂತ ನಾನು ಬಹಳ ದಿನದಿಂದ ಹೇಳುತ್ತಿದ್ದೇನೆ. ‘ಕುಲುಮೆ’ಯನ್ನೂ ಪಕ್ಕದಲ್ಲಿಟ್ಟು ನೋಡಿ.

ನಿವೃತ್ತ ಮೇಷ್ಟ್ರು, ಮೈಸೂರು:

ಇಲ್ಲ. ಹಳೆಯ ಇಂಗ್ಲಿಷಿನಲ್ಲಿ ‘ಕೋಲ್’, ಜರ್ಮನ್‌ನಲ್ಲಿ ‘ಕೋಲೆ’, ಡಚ್‌ನಲ್ಲಿ ‘ಕೋಲ್’. ಅದು ಅವರ ಮನೆಯ ಪದ. ಕೊಳ್ಳಿ ನಮ್ಮದು, ತಮಿಳಿನಲ್ಲೂ ಇದೆ. ಸದ್ದು ಹೋಲಿದರೆ ನೆಂಟಸ್ತಿಕೆ ಆಗುವುದಿಲ್ಲ. ಇದನ್ನು ಮತ್ತೆ ಎತ್ತಬೇಡಿ.

ಆದರೆ ಒಂದು ಸಂಗತಿ ನೋಡುವಂಥದ್ದು. ಇಂಗ್ಲಿಷಿನಲ್ಲೂ ಆ ಪದಕ್ಕೆ ಮೊದಲು ಕೆಂಡ, ಸೌದೆಯ ಇದ್ದಿಲು ಅನ್ನುವ ಅರ್ಥವೇ ಇತ್ತು. ನ್ಯೂಕ್ಯಾಸಲ್‌ನಿಂದ ಹಡಗಿನಲ್ಲಿ ಲಂಡನ್ನಿಗೆ ಬಂದ ಗಣಿಯ ಇದ್ದಿಲನ್ನು ‘ಸೀ ಕೋಲ್’, ಅಂದರೆ ಕಡಲಿದ್ದಿಲು ಅಂತ ಬೇರೆ ಮಾಡಿ ಕರೆದರು. ನಾವು ‘ಕಲ್ಲು’ ಸೇರಿಸಿ ಬೇರೆ ಮಾಡಿದೆವು. ಮರಾಠಿಯವರ ‘ದಗಡೀ ಕೋಳಸಾ’, ಮಲಯಾಳದ ‘ಕಲ್ಕರಿ’ಯಲ್ಲೂ ಕಲ್ಲೇ ಇದೆ. ತಮಿಳರು ‘ನಿಲಕ್ಕರಿ’ ಅಂದು ನೆಲವನ್ನು ಹಿಡಿದರು.

ಕೆಜಿಎಫ್‌ನವನು:

‘ಎತ್ತುವಳಿ’ ಬೇಡವೇ ಬೇಡ. ಆ ಮಾತು ಕೇಳಿದರೆ ಜನಕ್ಕೆ ಹಣ ಎತ್ತುವುದೇ ನೆನಪಾಗುತ್ತದೆ. ಫಲಕದಲ್ಲಿ ‘1919ರ ಎತ್ತುವಳಿ’ ಅಂತ ಓದಿದ ಹುಡುಗರು ಯಾರೋ ಚಂದಾ ವಸೂಲಿ ಮಾಡಿದರು ಅಂದುಕೊಳ್ಳುತ್ತಾರೆ.

‘ಗಣಿಬಾಯಿ’ಗೆ ನನ್ನ ಪೂರ್ತಿ ಒಪ್ಪಿಗೆ. ನಮ್ಮ ತಾತ ಇಲ್ಲಿನ ಚಾಂಪಿಯನ್ ರೀಫ್ ಚಿನ್ನದ ಗಣಿಯಲ್ಲಿ ಕೆಲಸ ಮಾಡಿದವರು. ಒಳಗಿನ ಲೋಕ ಬೇರೆ, ಹೊರಗಿನ ಲೋಕ ಬೇರೆ. ಎರಡೂ ಸೇರುವ ಜಾಗ ಆ ಬಾಯಿ.

ಮೇಡಂ, ಒಂದು ಫಲಕದಲ್ಲಾದರೂ ನಮ್ಮೂರನ್ನು ಸೇರಿಸಿ. ಕಲ್ಲಿದ್ದಲಿಗೆ ಗಣಿಬಾಯಿಯ ಬೆಲೆ ಒಂದು, ಉರಿಸುವ ಊರಿನ ಬೆಲೆ ಇನ್ನೊಂದು. ಮೈಸೂರು ಸಂಸ್ಥಾನದಲ್ಲಿ ಕಲ್ಲಿದ್ದಲು ಸಿಗುತ್ತಿರಲಿಲ್ಲ. ದೂರದಿಂದ ತಂದರೆ ರೈಲು ಬಾಡಿಗೆಯೇ ಜಾಸ್ತಿ. ಅದಕ್ಕೇ 1902ರಲ್ಲಿ ಶಿವನಸಮುದ್ರದಿಂದ ಸುಮಾರು 92 ಮೈಲಿ ತಂತಿ ಎಳೆದು ಚಿನ್ನದ ಗಣಿಗೆ ಕರೆಂಟ್ ಕೊಟ್ಟರು. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಶುರುವಾದಾಗಲೂ ಮಲೆನಾಡಿನ ಸೌದೆಯ ಇದ್ದಿಲಿನಲ್ಲೇ ಕುಲುಮೆ ಉರಿಯಿತು. ಅಲ್ಲಿ ‘ಇದ್ದಿಲು’, ಝರಿಯಾಕ್ಕೆ ‘ಕಲ್ಲಿದ್ದಲು’. ಈ ಎರಡನ್ನು ದಯವಿಟ್ಟು ಕಲಸಬೇಡಿ.

ಅಚ್ಚಗನ್ನಡಿಗ, ಶಿವಮೊಗ್ಗ:

ಭದ್ರಾವತಿ ನಮ್ಮ ಜಿಲ್ಲೆ. ನನಗೆ ಹೇಳಿಕೊಡಬೇಕಿಲ್ಲ.

ಹಣ ವಸೂಲಿಯ ನೆನಪು ಬರುತ್ತದೆ ಅಂತ ಪದವನ್ನೇ ಬಿಡುವುದಾದರೆ ಕನ್ನಡದಲ್ಲಿ ಏನು ಉಳಿಯುತ್ತದೆ? ಬಳಸಿದರೆ ತಾನೇ ಅರ್ಥ ಕೂಡುವುದು? ‘ರವಾನೆ’ಯ ಬಗ್ಗೆ ಯಾರೂ ತುಟಿ ಬಿಚ್ಚಿಲ್ಲ. ಅದು ಪಾರಸಿ. ನಮ್ಮದೇ ‘ಸಾಗಣೆ’ ಇರುವಾಗ ಯಾಕೆ ಬೇಕು?

ಅನುವಾದಕಿ, ಬೆಂಗಳೂರು:

ಸರ್, ‘ಸಾಗಣೆ’ ದಾರಿಯುದ್ದಕ್ಕೂ ನಡೆಯುವ ಕೆಲಸ. ‘ರವಾನೆ’ ಅಂದರೆ ಇಲ್ಲಿಂದ ಹೊರಟಿತು ಅಂತ. ಈ ಲೆಕ್ಕದಲ್ಲಿ ಆ ಹೊರಡುವ ಗಳಿಗೆಯೇ ಮುಖ್ಯ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಇಂಡಿಯಾದಲ್ಲಿ 1900ರಲ್ಲಿ ಮೇಲೆ ಬಂದದ್ದು ಸುಮಾರು 61 ಲಕ್ಷ ಟನ್. 1914ರಲ್ಲಿ ಸುಮಾರು 1.64 ಕೋಟಿ. 1919ರಲ್ಲಿ 2.26 ಕೋಟಿ. ಈ ಏರಿಕೆಯಲ್ಲಿ ಝರಿಯಾದ್ದು ದೊಡ್ಡ ಪಾಲು. 1890ರ ದಶಕದಲ್ಲಿ ಅಲ್ಲಿಗೆ ರೈಲು ಬಂತು. 1906ರ ಹೊತ್ತಿಗೆ ಅದು ರಾಣಿಗಂಜನ್ನು ಹಿಂದೆ ಹಾಕಿತು. ಇಷ್ಟು ಮಾತ್ರ ಹೇಳುವುದಾದರೆ ‘ಉತ್ಪಾದನೆ’ ನಡೆಯುತ್ತದೆ.

ಮೊದಲ ಮಹಾಯುದ್ಧದ ವರ್ಷಗಳಿಗೆ ಬಂದಾಗ ಅದು ನಡೆಯುವುದಿಲ್ಲ. ಮೊದಲು ಬೊಂಬಾಯಿಯ ಗಿರಣಿಗಳಿಗೆ ಬಂಗಾಳದ ಕಲ್ಲಿದ್ದಲು ಕಲ್ಕತ್ತೆಯಿಂದ ಹಡಗಿನಲ್ಲಿ ಹೋಗುತ್ತಿತ್ತು. ಯುದ್ಧದ ಕೆಲಸಕ್ಕೆ ಹಡಗು ಕಿತ್ತುಕೊಂಡರು. ಭಾರವೆಲ್ಲ ರೈಲಿನ ಮೇಲೆ ಬಿತ್ತು. ವ್ಯಾಗನ್ ಸಾಲಲಿಲ್ಲ. 1917ರಲ್ಲಿ ಸರ್ಕಾರ ‘ಕೋಲ್ ಕಂಟ್ರೋಲರ್’ ಅನ್ನುವ ಅಧಿಕಾರಿಯನ್ನೇ ನೇಮಿಸಬೇಕಾಯಿತು. ವ್ಯಾಗನ್ ಸಿಗದ ಗಣಿಯಲ್ಲಿ ಮೇಲೆ ಬಂದ ಕಲ್ಲಿದ್ದಲು ಬಾಯಿಯ ಹತ್ತಿರವೇ ರಾಶಿ ಬೀಳುತ್ತದೆ. ಇತ್ತ ಊರಿನಲ್ಲಿ ಅದೇ ಮಾಲಿಗೆ ಬೆಲೆ ಏರುತ್ತದೆ. ತೆಗೆದದ್ದು ಇಷ್ಟು, ಹೊರಟದ್ದು ಇಷ್ಟು, ರಾಶಿಯಲ್ಲಿ ಉಳಿದದ್ದು ಇಷ್ಟು: ಈ ಮೂರೂ ಬೇರೆಬೇರೆ. ಒಂದೇ ‘ಉತ್ಪಾದನೆ’ಯಲ್ಲಿ ತುಂಬಿದರೆ ಓದುವವರಿಗೆ ಬೆಲೆ ಯಾಕೆ ಏರಿತು ಅನ್ನುವುದೇ ಗೊತ್ತಾಗುವುದಿಲ್ಲ. ಕಲ್ಲಿದ್ದಲು ಸಾಲದೆ ಏರಿತು ಅಂದುಕೊಳ್ಳುತ್ತಾರೆ. ಎಷ್ಟೋ ಕಡೆ ಸಾಲದೇ ಹೋದದ್ದು ವ್ಯಾಗನ್.

ಯುದ್ಧದ ನಂತರ ಕಥೆ ತಿರುಗಿತು. ಬೊಂಬಾಯಿ ಬಂದರಿಗೆ ದಕ್ಷಿಣ ಆಫ್ರಿಕಾದ ಕಲ್ಲಿದ್ದಲು ಬಂದು ಇಳಿಯಿತು. ಅಷ್ಟು ದೂರದಿಂದ ಬಂದರೂ ಝರಿಯಾದ್ದಕ್ಕೆ ಪೈಪೋಟಿ ಕೊಟ್ಟಿತು. ದೂರು ಹೆಚ್ಚಾಗಿ 1924ರಲ್ಲಿ ಒಂದು ಸಮಿತಿ ಕೂತಿತು. ರಫ್ತಿನ ಕಲ್ಲಿದ್ದಲಿಗೆ ದರ್ಜೆ ಕೊಡಲು 1925ರಲ್ಲಿ ಕಾಯ್ದೆಯೇ ಬಂತು. ಗಣಿಬಾಯಿಯ ಬೆಲೆ ಎಷ್ಟೇ ಕಡಿಮೆ ಇದ್ದರೂ ಬಾಡಿಗೆ ಸೇರಿದ ಮೇಲೆ ಲೆಕ್ಕ ಬೇರೆ. ಕೆಜಿಎಫ್‌ನವರು ಹೇಳಿದ್ದೂ ಇದನ್ನೇ ಅಲ್ವಾ? ಅವರ ಮಾತನ್ನು ಬೆಲೆಯ ಫಲಕದಲ್ಲೇ ಸೇರಿಸುತ್ತೇನೆ.

ನಿವೃತ್ತ ಮೇಷ್ಟ್ರು, ಮೈಸೂರು:

ಇಷ್ಟನ್ನು ಮೊದಲೇ ಹೇಳಿದ್ದರೆ ನಾನು ‘ಉತ್ಪಾದನೆ’ ಅನ್ನುತ್ತಿರಲಿಲ್ಲ. ಕಾಲಂ ಮೂರಾದರೆ ಪದವೂ ಮೂರು ಬೇಕು, ಒಪ್ಪಿದೆ. ‘ರವಾನೆ’ ಇರಲಿ. ಪಾರಸಿ ಅಂತ ಅದನ್ನು ಓಡಿಸುವುದಾದರೆ ಸರ್ಕಾರ, ಕಾಗದ, ವಸೂಲಿ ಎಲ್ಲವನ್ನೂ ಓಡಿಸಬೇಕು. ಶಿವಮೊಗ್ಗದವರ ‘ಗಣಿ’ಯೂ ಸಂಸ್ಕೃತದ ‘ಖನಿ’ಯಿಂದಲೇ ಬಂದದ್ದು. ಅದನ್ನು ಮಾತ್ರ ಒಳಗೆ ಬಿಡುವುದು ಯಾವ ನ್ಯಾಯ?

ಬ್ರಿಟನ್ನಿನ ಫಲಕಕ್ಕೆ 1926ರ ‘ಮುಷ್ಕರ’ವನ್ನು ಮರೆಯಬೇಡಿ.

ಅಚ್ಚಗನ್ನಡಿಗ, ಶಿವಮೊಗ್ಗ:

ತದ್ಭವವಾಗಿ ಬಂದದ್ದು ಕನ್ನಡವೇ. ‘ಗಣಿ’ ನಮ್ಮ ಬಾಯಲ್ಲಿ ತಿರುಗಿ ನಮ್ಮದಾಗಿದೆ. ‘ರವಾನೆ’ ಹಾಗೆ ತಿರುಗಿಲ್ಲ.

ಕೆಜಿಎಫ್‌ನವನು:

ಅಂಚೆ ಕಚೇರಿಯಲ್ಲಿ, ಲಾರಿ ಆಫೀಸಿನಲ್ಲಿ ದಿನಾ ಆಡುವ ಮಾತು ಸರ್. ಇನ್ನೆಷ್ಟು ತಿರುಗಬೇಕು?

ಅನುವಾದಕಿ, ಬೆಂಗಳೂರು:

ಮೇಷ್ಟ್ರೇ, 1926ಕ್ಕೆ ‘ಮುಷ್ಕರ’ ಅಂತ ಒಂದೇ ಪದ ಹಾಕಲಾರೆ. ಮೇ ತಿಂಗಳಲ್ಲಿ ಬೇರೆ ಕೆಲಸದವರೂ ಸೇರಿ 9 ದಿನ ಮಾಡಿದ್ದು ಮುಷ್ಕರ. ಗಣಿ ಕೆಲಸಗಾರರ ಮಟ್ಟಿಗೆ ಅದು ಬೀಗಮುದ್ರೆ. ಕೂಲಿ ಇಳಿಸುತ್ತೇವೆ, ಒಪ್ಪದಿದ್ದರೆ ಒಳಗೆ ಬರಬೇಡಿ ಅಂತ ಮಾಲೀಕರೇ ಹೊರಗಿಟ್ಟರು. ಅದು ವರ್ಷದ ಕೊನೆಯ ತನಕ ಎಳೆಯಿತು. ‘ಮುಷ್ಕರ’ ಅಂದರೆ ತಪ್ಪು ಅವರ ತಲೆಗೆ ಬರುತ್ತದೆ. ಇಲ್ಲಿ ಪದ ಜಾರಬಾರದು.

ಅಲ್ಲಿನ ಅಂಕಿಗಳೂ ಗಣಿಬಾಯಿಯವೇ. 1913ರಲ್ಲಿ 28.7 ಕೋಟಿ ಟನ್. ಬ್ರಿಟನ್ ಮತ್ತೆಂದೂ ಅಷ್ಟು ತೆಗೆಯಲಿಲ್ಲ. ಆ ವರ್ಷ ಟನ್ನಿಗೆ ಸರಾಸರಿ 10 ಶಿಲಿಂಗ್ ಚಿಲ್ಲರೆ. 1920ರಲ್ಲಿ 34 ಶಿಲಿಂಗ್ ದಾಟಿತು. ಆಗ ತೆಗೆದದ್ದು 1913ಕ್ಕಿಂತ ಕಡಿಮೆ, ಬೆಲೆ ಮೂರು ಪಟ್ಟು. 1921ರಲ್ಲಿ ಬೆಲೆ ಕುಸಿಯಿತು, ಆ ವರ್ಷವೂ ಬೀಗಮುದ್ರೆ. 1923ರಲ್ಲಿ ಫ್ರಾನ್ಸ್ ಮತ್ತು ಬೆಲ್ಜಿಯಂ ಸೇನೆ ಜರ್ಮನಿಯ ರೂರ್ ಪ್ರದೇಶಕ್ಕೆ ನುಗ್ಗಿತು. ಅಲ್ಲಿನ ಗಣಿಗಳು ನಿಂತವು, ಬ್ರಿಟನ್ನಿನ ರಫ್ತು ಒಂದು ವರ್ಷ ಚೇತರಿಸಿಕೊಂಡಿತು.

ಈಗ ಕಳಿಸಲೇಬೇಕು. ತಲೆಬರಹ ಹೀಗೆ ಇಟ್ಟಿದ್ದೇನೆ: ‘ಗಣಿಯಿಂದ ತೆಗೆದದ್ದು’, ‘ರವಾನೆ ಆದದ್ದು’, ‘ಗಣಿಬಾಯಿ ಬೆಲೆ’. ‘ತೆಗೆದದ್ದು’ ಪಾರಿಭಾಷಿಕ ಪದದ ಹಾಗೆ ಕಾಣುವುದಿಲ್ಲ, ಗೊತ್ತು. ಶಾಲೆಯ ಮಕ್ಕಳು ನಿಂತು ಓದುವ ಗೋಡೆ ಅದು. ಅವರು ಯಾರನ್ನೂ ಕೇಳದೆ ಅರ್ಥ ಮಾಡಿಕೊಳ್ಳಬೇಕು.

ಅಚ್ಚಗನ್ನಡಿಗ, ಶಿವಮೊಗ್ಗ:

‘ತೆಗೆದದ್ದು’ ಒಳ್ಳೆಯದು. ‘ಎತ್ತುವಳಿ’ಗಿಂತ ಒಳ್ಳೆಯದು ಅಂತ ಹೇಳಲಾರೆ. ‘ರವಾನೆ’ಗೆ ನನ್ನ ವಿರೋಧ ಹಾಗೇ ಇದೆ. ‘ಕೊಳ್ಳಿ’ಯ ಬಗ್ಗೆ ಬೇರೆ ಎಳೆ ಶುರು ಮಾಡುತ್ತೇನೆ.