ಯಕ್ಷಗಾನ ಕಲಿತರೆ ಮಕ್ಕಳ ನೆನಪಿನ ಶಕ್ತಿ ಹೆಚ್ಚುತ್ತದೆಯೇ? ಸಂಶೋಧನಾ ವಿನ್ಯಾಸದ ಬಗ್ಗೆ ಒಂದು ಪ್ರಶ್ನೆ

ಪ್ರಶ್ನೆ: ಪದವಿ ವಿದ್ಯಾರ್ಥಿನಿ, ಮಂಗಳೂರು

ಎಲ್ಲರಿಗೂ ನಮಸ್ಕಾರ. ನಾನು ಮಂಗಳೂರಿನ ಕಾಲೇಜೊಂದರಲ್ಲಿ ಮನೋವಿಜ್ಞಾನ ಓದುತ್ತಿದ್ದೇನೆ. ಮನೋವಿಜ್ಞಾನದ ಪ್ರವೇಶಿಕೆ ಮತ್ತು ಸಂಶೋಧನಾ ವಿನ್ಯಾಸ ಎಂಬ ಎರಡು ಪತ್ರಿಕೆಗಳು ಈ ವರ್ಷ ಜೊತೆಯಲ್ಲೇ ನಡೆಯುತ್ತಿರುವುದರಿಂದ, ಒಂದರ ಪಾಠ ಕೇಳಿದ ಮೇಲೆ ಇನ್ನೊಂದನ್ನು ಮೊದಲಿನಂತೆ ಓದಲು ಆಗುತ್ತಿಲ್ಲ. ಪ್ರವೇಶಿಕೆಯ ಪುಸ್ತಕವು 'ಹೀಗೆಂದು ಕಂಡುಬಂದಿದೆ' ಎಂದು ಒಂದೇ ಸಾಲಿನಲ್ಲಿ ಮುಗಿಸುವ ಕಡೆಗಳಲ್ಲೆಲ್ಲ, ಯಾರಲ್ಲಿ ಕಂಡುಬಂತು, ಯಾರೊಂದಿಗೆ ಹೋಲಿಸಿದಾಗ, ಏನನ್ನು ಅಳೆದಾಗ ಎಂಬ ಪ್ರಶ್ನೆಗಳು ಏಳುತ್ತವೆ.

ಎದುರಿಗಿಟ್ಟ ಸಿಹಿಯನ್ನು ತಿನ್ನದೆ ಕಾಯಬಲ್ಲ ಪುಟ್ಟ ಮಕ್ಕಳು ಮುಂದೆ ಓದಿನಲ್ಲಿ ಮೇಲುಗೈ ಸಾಧಿಸುತ್ತಾರೆ ಎಂದು ಹೇಳುವ ವಾಲ್ಟರ್ ಮಿಶೆಲ್ ಅವರ ಅಧ್ಯಯನವನ್ನೇ ತೆಗೆದುಕೊಳ್ಳಬಹುದು. ಅದರಲ್ಲಿದ್ದವರು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಆವರಣದ ಶಿಶುವಿಹಾರದ ಮಕ್ಕಳು. 2018ರಲ್ಲಿ ಟೈಲರ್ ವಾಟ್ಸ್ ಮತ್ತು ಸಂಗಡಿಗರು ಬೇರೆ ಬೇರೆ ಹಿನ್ನೆಲೆಯ ಸುಮಾರು 900 ಮಕ್ಕಳ ಮಾಹಿತಿಯನ್ನು ಪರಿಶೀಲಿಸಿದಾಗ ಆ ಸಂಬಂಧ ಮೊದಲು ಹೇಳಿದ್ದರ ಅರ್ಧದಷ್ಟೇ ಇತ್ತು. ಮನೆಯ ಸ್ಥಿತಿಗತಿ ಮತ್ತು ಮಗುವಿಗೆ ಆಗಲೇ ಇದ್ದ ಸಾಮರ್ಥ್ಯಗಳನ್ನು ಲೆಕ್ಕಕ್ಕೆ ಹಿಡಿದಾಗ ಆ ಅರ್ಧದಲ್ಲೂ ಮೂರರಲ್ಲಿ ಎರಡು ಪಾಲು ಇಳಿದುಹೋಯಿತು. ಇದನ್ನು ಓದಿದ ಮೇಲೆ ನಮ್ಮ ಊರಿನ ಮಾತೊಂದನ್ನೂ ಹೀಗೆಯೇ ಪರೀಕ್ಷಿಸಬೇಕೆನಿಸಿದೆ.

ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳ ಎಷ್ಟೋ ಶಾಲೆಗಳಲ್ಲಿ ಮಕ್ಕಳಿಗೆ ಯಕ್ಷಗಾನ ಕಲಿಸುತ್ತಾರೆ. ವಾರ್ಷಿಕೋತ್ಸವದಲ್ಲಿ ಮಕ್ಕಳ ಪ್ರಸಂಗ ಮುಗಿದ ಬಳಿಕ ವೇದಿಕೆಯಲ್ಲಿ ಮಾತನಾಡುವ ಹಿರಿಯರು, ಯಕ್ಷಗಾನ ಕಲಿತರೆ ನೆನಪಿನ ಶಕ್ತಿ ಹೆಚ್ಚುತ್ತದೆ, ಅಂಥ ಮಕ್ಕಳು ಓದಿನಲ್ಲೂ ಮುಂದಿರುತ್ತಾರೆ ಎನ್ನುವುದನ್ನು ನಾವೆಲ್ಲ ಕೇಳಿದ್ದೇವೆ. ಆ ಮಾತು ನಿಜವಾಗಿರಲಿ ಎಂಬ ಆಸೆ ನನಗೂ ಇದೆ. ಅದಕ್ಕಾಗಿಯೇ ಅದನ್ನು ಎಚ್ಚರಿಕೆಯಿಂದ ಪರೀಕ್ಷಿಸಬೇಕು ಎಂದುಕೊಂಡಿದ್ದೇನೆ. ಏಳನೆಯ ತರಗತಿಯಲ್ಲಿ ಯಕ್ಷಗಾನ ಕಲಿಯುತ್ತಿರುವ ಮತ್ತು ಕಲಿಯದಿರುವ ಮಕ್ಕಳನ್ನು ಆರಿಸಿ, ಅಂಕಿಗಳ ಸಾಲನ್ನು ಕೇಳಿಸಿ ಮರಳಿ ಹೇಳಿಸುವ ಪರೀಕ್ಷೆಯನ್ನು ಎರಡೂ ಗುಂಪುಗಳಿಗೆ ಕೊಡುವುದು ನನ್ನ ಯೋಜನೆ. ಹೀಗೆ ಸಿಗುವ ವ್ಯತ್ಯಾಸವನ್ನು ಯಕ್ಷಗಾನದ ಪರಿಣಾಮವೆಂದು ಹೇಳಲು ಬರುವುದಿಲ್ಲ ಎಂದು ನಮ್ಮ ಉಪನ್ಯಾಸಕಿ ತಿಳಿಸಿದ್ದಾರೆ. ಯಾವ ಮಗು ಯಕ್ಷಗಾನ ಕಲಿಯಬೇಕೆಂದು ನಿರ್ಧರಿಸುವ ಅಧಿಕಾರ ನನಗಿಲ್ಲ. ಹಾಗಿರುವಾಗ ಈ ಪ್ರಶ್ನೆಯನ್ನು ಕೈಬಿಡಬೇಕೇ, ಅಥವಾ ಬೇರೆ ಬಗೆಯಲ್ಲಿ ರೂಪಿಸಲು ಸಾಧ್ಯವೇ?

ಉತ್ತರ 1: ನಿವೃತ್ತ ಮನೋವಿಜ್ಞಾನ ಉಪನ್ಯಾಸಕ, ಉಡುಪಿ

ಪ್ರಶ್ನೆಯನ್ನು ಕೈಬಿಡಬೇಕಾಗಿಲ್ಲ. ನಿಮ್ಮ ಉಪನ್ಯಾಸಕಿಯವರು ಹೇಳಿದ್ದು ಸರಿ, ಆದರೆ ಅದು ಏಕೆ ಸರಿ ಎಂಬುದನ್ನು ಬಿಡಿಸಿ ನೋಡಿದರೆ ದಾರಿಯೂ ಅಲ್ಲೇ ಕಾಣುತ್ತದೆ.

ಯಕ್ಷಗಾನಕ್ಕೆ ಸೇರುವ ಮಕ್ಕಳು ತಾವಾಗಿ ಆರಿಸಿಕೊಂಡು ಸೇರಿದವರು, ಇಲ್ಲವೇ ಆಸಕ್ತಿಯುಳ್ಳ ತಂದೆತಾಯಿ ಸೇರಿಸಿದವರು. ಸಂಜೆ ಶಾಲೆ ಬಿಟ್ಟ ಮೇಲೆ ಮಗುವನ್ನು ತರಗತಿಯಲ್ಲಿ ಉಳಿಸಿ, ಕತ್ತಲಾದ ಮೇಲೆ ಕರೆದುಕೊಂಡು ಹೋಗಬಲ್ಲ ಮನೆ ಅದೇ ಮಗುವಿನ ಓದನ್ನೂ ಗಮನಿಸುತ್ತಿರುವ ಸಾಧ್ಯತೆ ಹೆಚ್ಚು. ಅದೂ ಅಲ್ಲದೆ, ಮಾತು ನೆನಪಿಡಬಲ್ಲ ಮಗುವಿಗೆ ಶಿಕ್ಷಕರೇ ಮುಖ್ಯ ಪಾತ್ರ ಕೊಡುತ್ತಾರೆ, ಅಂಥ ಮಗು ತರಗತಿಯನ್ನು ಬಿಡುವುದೂ ಇಲ್ಲ. ಯಕ್ಷಗಾನವು ನೆನಪನ್ನು ಬೆಳೆಸಿತೋ, ನೆನಪು ಚೆನ್ನಾಗಿದ್ದ ಮಗು ಯಕ್ಷಗಾನದಲ್ಲಿ ಉಳಿಯಿತೋ ಎಂಬುದನ್ನು ಒಂದೇ ಸಲದ ಹೋಲಿಕೆಯಿಂದ ಬೇರ್ಪಡಿಸಲಾಗದು. ಕಲಿಯುವ ಮಕ್ಕಳನ್ನು ಜೂನ್‌ನಲ್ಲಿ ಒಮ್ಮೆ, ಜನವರಿಯಲ್ಲಿ ಒಮ್ಮೆ ಪರೀಕ್ಷಿಸಿದರೆ ಸಾಕೆಂದು ಕೆಲವರು ಹೇಳಬಹುದು. ಅದೂ ಸಾಲದು. ಆ ತಿಂಗಳುಗಳಲ್ಲಿ ಮಕ್ಕಳು ಬೆಳೆಯುತ್ತಾರೆ ಮತ್ತು ಪರೀಕ್ಷೆಯ ರೀತಿಯೂ ಅವರಿಗೆ ರೂಢಿಯಾಗುತ್ತದೆ. ಕ್ಯಾಂಬೆಲ್ ಮತ್ತು ಸ್ಟ್ಯಾನ್ಲಿ 1963ರಲ್ಲೇ ಇಂಥ ಅಪಾಯಗಳನ್ನು ಒಂದೊಂದಾಗಿ ಗುರುತಿಸಿದ್ದರು.

ನಿಮ್ಮ ಪ್ರಶ್ನೆಗೆ ತೀರ ಹತ್ತಿರವಾದ ಪ್ರಯೋಗವೊಂದನ್ನು ಗ್ಲೆನ್ ಶೆಲೆನ್‌ಬರ್ಗ್ ಕೆನಡಾದಲ್ಲಿ ನಡೆಸಿ 2004ರಲ್ಲಿ ಪ್ರಕಟಿಸಿದರು. ಆರು ವರ್ಷದ 144 ಮಕ್ಕಳನ್ನು ಕೀಬೋರ್ಡ್, ಗಾಯನ, ನಾಟಕ ಮತ್ತು ಯಾವ ಪಾಠವೂ ಇಲ್ಲದ ಗುಂಪು ಎಂದು ಯಾದೃಚ್ಛಿಕವಾಗಿ, ಅಂದರೆ ಚೀಟಿ ಎತ್ತಿದಂತೆ, ಹಂಚಲಾಯಿತು. ಪಾಠ ಸಿಗದ ಮಕ್ಕಳಿಗೆ ಮರುವರ್ಷ ಪಾಠ ಕೊಡಲಾಯಿತು. ಸಂಗೀತ ಕಲಿತವರ ಬುದ್ಧಿಮತ್ತೆಯ ಅಂಕ ಉಳಿದವರಿಗಿಂತ ತುಸು ಹೆಚ್ಚು ಏರಿತು. ನಾಟಕ ಕಲಿತವರಲ್ಲಿ ಇತರರೊಡನೆ ಬೆರೆಯುವ ನಡವಳಿಕೆ ಸುಧಾರಿಸಿತು. ಯಕ್ಷಗಾನದಲ್ಲಿ ಹಾಡು, ಕುಣಿತ, ಮಾತು ಮೂರೂ ಇರುವುದರಿಂದ ನೀವು ನೆನಪೊಂದನ್ನೇ ಏಕೆ ಅಳೆಯಬೇಕು ಎಂಬ ಪ್ರಶ್ನೆಯನ್ನೂ ಇದು ಎತ್ತುತ್ತದೆ. ಆದರೆ ಇಷ್ಟಕ್ಕೇ ನಿಲ್ಲಬೇಡಿ. 2020ರಲ್ಲಿ ಸಾಲಾ ಮತ್ತು ಗೊಬೆ ಅವರು ಸಂಗೀತಾಭ್ಯಾಸದ ಬಗೆಗಿನ 54 ಅಧ್ಯಯನಗಳನ್ನು, ಅಂದರೆ ಸುಮಾರು 7000 ಮಕ್ಕಳ ಮಾಹಿತಿಯನ್ನು, ಒಟ್ಟಿಗೆ ನೋಡಿದಾಗ, ಯಾದೃಚ್ಛಿಕ ಹಂಚಿಕೆ ಮಾಡಿ ಹೋಲಿಕೆಯ ಗುಂಪಿಗೂ ಬೇರೊಂದು ಚಟುವಟಿಕೆ ಕೊಟ್ಟಿದ್ದ ಅಧ್ಯಯನಗಳಲ್ಲಿ ಪರಿಣಾಮ ಬಹುತೇಕ ಶೂನ್ಯವಾಗಿತ್ತು.

ನಿಮಗೆ ನನ್ನ ಸಲಹೆ ಇದು. ಯಕ್ಷಗಾನ ತರಗತಿಗೆ ಇರುವ ಜಾಗಕ್ಕಿಂತ ಹೆಚ್ಚು ಮಕ್ಕಳು ಹೆಸರು ಕೊಡುವ ಶಾಲೆಯೊಂದನ್ನು ಹುಡುಕಿ. ಅಲ್ಲಿ ಮುಖ್ಯೋಪಾಧ್ಯಾಯರು ಒಪ್ಪಿದರೆ ಚೀಟಿ ಎತ್ತಿ, ಅರ್ಧದಷ್ಟು ಮಕ್ಕಳಿಗೆ ಈ ವರ್ಷ, ಉಳಿದವರಿಗೆ ಮುಂದಿನ ವರ್ಷ ಅವಕಾಶ ಕೊಡಬಹುದು. ಎರಡೂ ಗುಂಪಿನವರು ಕಲಿಯಬೇಕೆಂದು ಬಯಸಿದವರೇ ಆಗಿರುವುದರಿಂದ ಆಸಕ್ತಿ, ಮನೆಯ ಪ್ರೋತ್ಸಾಹ, ನಮ್ಮ ಗಮನಕ್ಕೇ ಬಾರದ ಇತರ ಅಂಶಗಳು ಕೂಡ ಸರಾಸರಿಯಲ್ಲಿ ಎರಡೂ ಕಡೆ ಸಮನಾಗಿ ಹಂಚಿಹೋಗುತ್ತವೆ. ಇದು ಕೈಗೂಡದಿದ್ದರೆ ನಿಮ್ಮ ಮೊದಲ ಯೋಜನೆಯನ್ನೇ ಮಾಡಿ, ಆದರೆ ಸಂಬಂಧವೊಂದು ಕಂಡುಬಂದಿದೆ ಎನ್ನುವಷ್ಟಕ್ಕೇ ವರದಿಯನ್ನು ನಿಲ್ಲಿಸಿ. ಮೊದಲ ವರ್ಷದ ಕೆಲಸಕ್ಕೆ ಅದು ಸಣ್ಣ ಫಲಿತಾಂಶವೇನೂ ಅಲ್ಲ.

ಉತ್ತರ 2: ಶಾಲಾ ಮಕ್ಕಳಿಗೆ ಯಕ್ಷಗಾನ ಕಲಿಸುವವರು, ಬ್ರಹ್ಮಾವರ

ನಾನು ಮನೋವಿಜ್ಞಾನ ಓದಿದವನಲ್ಲ, ಯಕ್ಷಗಾನದ ಉತ್ತರದ ಶೈಲಿಯಾದ ಬಡಗುತಿಟ್ಟಿನ ಹೆಜ್ಜೆ ಮತ್ತು ತಾಳಗಳನ್ನು ಮಕ್ಕಳಿಗೆ ಹೇಳಿಕೊಡುವವನು. ಯಕ್ಷಗಾನ ಎಂದರೆ ನೆನಪು ಎಂದು ನೀವು ತೀರ್ಮಾನಿಸಿರುವುದರ ಬಗ್ಗೆ ಎರಡು ಮಾತು ಹೇಳಬೇಕೆನಿಸಿತು.

ಮೇಳದ ಕಲಾವಿದರು ಅರ್ಥವನ್ನು, ಅಂದರೆ ರಂಗದಲ್ಲಿ ಆಡುವ ಮಾತನ್ನು, ಬಾಯಿಪಾಠ ಮಾಡಿ ಹೇಳುವುದಿಲ್ಲ. ಪ್ರಸಂಗದ ಪದ್ಯವನ್ನು ಭಾಗವತರು ಹಾಡುತ್ತಾರೆ. ಅದರ ಅರ್ಥವನ್ನು ವೇಷಧಾರಿ ರಂಗದಲ್ಲಿ ಆ ಕ್ಷಣಕ್ಕೆ, ಎದುರಿನ ಪಾತ್ರಕ್ಕೆ ತಕ್ಕಂತೆ ಕಟ್ಟಿ ಹೇಳುತ್ತಾನೆ. ಶಾಲೆಯ ಮಕ್ಕಳಿಗೆ ಮಾತ್ರ ನಾವು ಸಾಮಾನ್ಯವಾಗಿ ಮಾತುಗಳನ್ನು ಬರೆದುಕೊಡುತ್ತೇವೆ, ಅವರು ಅದನ್ನು ಬಾಯಿಪಾಠ ಮಾಡುತ್ತಾರೆ. ಹಾಗಾಗಿ ನೀವು ಅಳೆಯುವುದು ಯಾವ ಹಂತದ ಕಲಿಕೆಯನ್ನು ಎಂಬುದು ಮುಖ್ಯ. ಆರಂಭದಲ್ಲಿ ಮಗು ಕಲಿಯುವುದು ಏಕ, ರೂಪಕ, ಝಂಪೆ, ತ್ರಿವುಡೆ ಮೊದಲಾದ ತಾಳಗಳು ಮತ್ತು ಅವಕ್ಕೆ ಹೊಂದುವ ಹೆಜ್ಜೆಗಳು. ಯಾವ ಹೆಜ್ಜೆಯ ಹಿಂದೆ ಯಾವುದು ಬರುತ್ತದೆ, ಕುಣಿತದ ಮುಂದಿನ ಭಾಗಕ್ಕೆ ಎಲ್ಲಿ ಸಿದ್ಧವಾಗಬೇಕು ಎಂಬುದನ್ನು ಮಗುವಿನ ಕಾಲು, ಕಿವಿ ಎರಡೂ ಹಿಡಿದುಕೊಳ್ಳಬೇಕು. ನಾನು ಕಣ್ಣಾರೆ ಕಾಣುವ ಬೆಳವಣಿಗೆ ಇಲ್ಲಿದೆ. ಅಂಕಿಗಳ ಸಾಲನ್ನು ಮರಳಿ ಹೇಳುವುದಕ್ಕೂ ಇದಕ್ಕೂ ಇರುವ ನಂಟು ನನಗೆ ಸ್ಪಷ್ಟವಾಗಿಲ್ಲ.

ಉತ್ತರ 3: ಸ್ನಾತಕೋತ್ತರ ವಿದ್ಯಾರ್ಥಿ, ಮಣಿಪಾಲ

ಮೇಲಿನ ಗುರುಗಳ ಸಂದೇಹಕ್ಕೆ ಒಳ್ಳೆಯ ಆಧಾರವಿದೆ. 1980ರಲ್ಲಿ ಎರಿಕ್ಸನ್, ಚೇಸ್ ಮತ್ತು ಫಲೂನ್ ಪ್ರಕಟಿಸಿದ ಅಧ್ಯಯನದಲ್ಲಿ ಸಾಮಾನ್ಯ ನೆನಪಿನ ಕಾಲೇಜು ವಿದ್ಯಾರ್ಥಿಯೊಬ್ಬ 230 ಗಂಟೆಗೂ ಹೆಚ್ಚಿನ ಅಭ್ಯಾಸದಿಂದ 7 ಅಂಕಿಗಳಿಂದ 79 ಅಂಕಿಗಳವರೆಗೆ ಮರಳಿ ಹೇಳುವಷ್ಟು ಬೆಳೆದ. ಆದರೆ ಅಂಕಿಗಳ ಬದಲು ಅಕ್ಷರಗಳನ್ನು ಕೊಟ್ಟಾಗ ಅವನ ಮಿತಿ ಸುಮಾರು 6ಕ್ಕೇ ನಿಂತಿತು. ಒಂದು ವಿಷಯದಲ್ಲಿ ಪಳಗಿದ ನೆನಪು ಇನ್ನೊಂದಕ್ಕೆ ಸುಲಭವಾಗಿ ದಾಟುವುದಿಲ್ಲ.

ಅಂಕಿಗಳ ಪರೀಕ್ಷೆಯನ್ನೇ ಇಟ್ಟುಕೊಳ್ಳುವುದಾದರೆ ಭಾಷೆಯನ್ನು ಗಮನಿಸಿ. ಉಚ್ಚರಿಸಲು ಹೆಚ್ಚು ಹೊತ್ತು ಹಿಡಿಯುವ ಅಂಕಿಗಳು ನೆನಪಿನಲ್ಲಿ ಕಡಿಮೆ ಉಳಿಯುತ್ತವೆ ಎಂಬುದನ್ನು ಎಲಿಸ್ ಮತ್ತು ಹೆನೆಲಿ 1980ರಲ್ಲಿ ವೆಲ್ಶ್ ಮತ್ತು ಇಂಗ್ಲಿಷ್ ಎರಡನ್ನೂ ಬಲ್ಲವರಲ್ಲಿ ತೋರಿಸಿದ್ದರು. ಕನ್ನಡದ ಒಂದು, ಎರಡು, ಮೂರು, ನಾಲ್ಕು ಎಂಬುವು ಇಂಗ್ಲಿಷಿನ ಒನ್, ಟೂ, ತ್ರೀ, ಫೋರ್‌ಗಿಂತ ಉದ್ದವಾದವು. ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಬ್ಯಾರಿಯನ್ನೋ ಆಡುತ್ತ, ಶಾಲೆಯಲ್ಲಿ ಕನ್ನಡ ಅಥವಾ ಇಂಗ್ಲಿಷ್ ಮಾಧ್ಯಮದಲ್ಲಿ ಓದುವ ನಮ್ಮ ಮಕ್ಕಳಲ್ಲಿ ಒಂದು ಗುಂಪಿನಲ್ಲಿ ಕನ್ನಡ ಮಾಧ್ಯಮದವರು, ಇನ್ನೊಂದರಲ್ಲಿ ಇಂಗ್ಲಿಷ್ ಮಾಧ್ಯಮದವರು ಹೆಚ್ಚಾಗಿದ್ದರೆ, ನಿಮಗೆ ಕಾಣುವ ವ್ಯತ್ಯಾಸ ಯಕ್ಷಗಾನದ್ದಾಗಿರದೆ ಅಂಕಿಗಳ ಉದ್ದದ್ದಾಗಿರಬಹುದು.

ಪರೀಕ್ಷೆ ನಡೆಸುವವರಿಗೆ ಯಾವ ಮಗು ಯಕ್ಷಗಾನ ಕಲಿಯುತ್ತಿದೆ ಎಂಬುದು ತಿಳಿದಿರಬಾರದು. ಯಕ್ಷಗಾನದ ಮೇಲೆ ನಿಮಗಿರುವ ಪ್ರೀತಿಯೇ ನೀವು ಸ್ವತಃ ಪರೀಕ್ಷಿಸದಿರಲು ಸಾಕಷ್ಟು ಕಾರಣ. ತಂದೆತಾಯಿಯ ಲಿಖಿತ ಒಪ್ಪಿಗೆಯ ಜೊತೆಗೆ ಮಗುವಿನ ಸಮ್ಮತಿಯನ್ನೂ ಕೇಳಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯು 7 ವರ್ಷ ದಾಟಿದ ಮಕ್ಕಳ ವಿಷಯದಲ್ಲಿ ಇದನ್ನು ಹೇಳುತ್ತದೆ.

ಪ್ರಶ್ನೆ ಕೇಳಿದವರು

ಮೂವರಿಗೂ ಕೃತಜ್ಞತೆಗಳು. ಚೀಟಿ ಎತ್ತುವ ವಿನ್ಯಾಸದ ಬಗ್ಗೆ ನಮ್ಮ ಉಪನ್ಯಾಸಕಿಯೊಂದಿಗೆ ಮಾತನಾಡಿ ಶಾಲೆಯೊಂದನ್ನು ವಿಚಾರಿಸುತ್ತೇನೆ. ಎಲ್ಲ ಮಕ್ಕಳನ್ನೂ ಒಂದೇ ಮಾಧ್ಯಮದವರಿಂದ ಆರಿಸಿ, ಪರೀಕ್ಷೆ ನಡೆಸಲು ನನ್ನ ಸಹಪಾಠಿಯನ್ನು ಕೇಳಿಕೊಳ್ಳುತ್ತೇನೆ. ಅಂಕಿಗಳ ಜೊತೆಗೆ ಹೆಜ್ಜೆಗಳ ಸರಣಿಯನ್ನು ನೋಡಿ ಮರಳಿ ಮಾಡುವ ಪರೀಕ್ಷೆಯನ್ನೂ ಸೇರಿಸಬೇಕೆಂದಿದ್ದೇನೆ. ಬ್ರಹ್ಮಾವರದ ಗುರುಗಳೇ, ಅಂಥ ಸರಣಿಗಳನ್ನು ಆರಿಸಲು ತಾವು ನೆರವಾಗಬಹುದೇ?

ಶಾಲಾ ಮಕ್ಕಳಿಗೆ ಯಕ್ಷಗಾನ ಕಲಿಸುವವರು, ಬ್ರಹ್ಮಾವರ

ಖಂಡಿತ ಆಗಬಹುದು. ಆದರೆ ನಾವು ತರಗತಿಯಲ್ಲಿ ಹೇಳಿಕೊಟ್ಟ ಸರಣಿಯನ್ನೇ ಕೊಟ್ಟರೆ ನಮ್ಮ ಮಕ್ಕಳಿಗೆ ಅದು ಪರೀಕ್ಷೆಯೇ ಆಗುವುದಿಲ್ಲ. ಆದ್ದರಿಂದ ಎರಡು ಬಗೆಯವನ್ನು ಬರೆದುಕೊಡುತ್ತೇನೆ: ತಾಳಕ್ಕೆ ಹೊಂದುವ ಆದರೆ ಯಾರಿಗೂ ಕಲಿಸದ ಕೆಲವು, ಯಾವ ತಾಳಕ್ಕೂ ಸೇರದಂತೆ ಹೆಜ್ಜೆಗಳನ್ನು ಕಲಸಿ ಜೋಡಿಸಿದ ಕೆಲವು. ಮೊದಲನೆಯದರಲ್ಲಿ ಮಾತ್ರ ನಮ್ಮ ಮಕ್ಕಳು ಮುಂದಿದ್ದರೆ ಅವರು ಕಲಿತದ್ದು ತಾಳವನ್ನು. ಎರಡನೆಯದರಲ್ಲೂ ಮುಂದಿದ್ದರೆ ಅದನ್ನು ಏನೆಂದು ಕರೆಯಬೇಕೆಂದು ನೀವು ನನಗೆ ತಿಳಿಸಿ.